ಶಾಲೆಯಿಂದ ಮನೆಗೆ: ವಾರದ ಸುದ್ದಿ-ಸೂಚನೆಗಳ ಒಂದು ವಿವೇಚನೆ

ಪ್ರೌಢಶಾಲೆಯ ಕಾರ್ಯವು ಸಂಜೆಯ ಗಂಟೆ ಬಾರಿಸಿದೊಡನೆ ಮುಗಿಯುವುದಿಲ್ಲವೆಂಬುದು ಅಧ್ಯಾಪಕ ವೃತ್ತಿಯಲ್ಲಿರುವವರೆಲ್ಲರಿಗೂ ತಿಳಿದ ಸಂಗತಿ. ಪಾಠಕ್ರಮ, ಪರೀಕ್ಷೆ, ಕ್ರೀಡೆ, ಶಿಸ್ತುಗಳ ಬಗೆಗೆ ವಿದ್ಯಾಸಂಸ್ಥೆಗಳ ಸಂಚಿಕೆಗಳಲ್ಲಿ ವಿಪುಲವಾಗಿ ಬರೆಯಲಾಗಿದೆ. ಆದರೆ ಶಾಲೆಯು ವಾರವಾರವೂ ಮನೆಗಳಿಗೆ ಕಳುಹಿಸುವ ಸುದ್ದಿ-ಸೂಚನೆಗಳ ವಿಷಯವು ಅಷ್ಟಾಗಿ ಪರಾಮರ್ಶೆಗೆ ಒಳಗಾದಂತೆ ಕಾಣದು. ಅದು ಗುಮಾಸ್ತರ ಕೆಲಸವೆಂದು ಬದಿಗಿಟ್ಟಿರುವುದೇ ಹೆಚ್ಚು. ಸೂಚನಾಫಲಕದ ಮೇಲೆ ಹಾಳೆಯೊಂದನ್ನು ಅಂಟಿಸಿದರೆ ಶಾಲೆಯ ಹೊಣೆ ತೀರಿತು. ಓದದಿದ್ದರೆ ಅದು ಪಾಲಕರ ಅಲಕ್ಷ್ಯ—ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಈ ಭಾವನೆಯಿಂದ ಆಗುವ ನಷ್ಟವು ಶಾಲೆಯ ಲೆಕ್ಕಪುಸ್ತಕದಲ್ಲಿ ಕಾಣಿಸುವುದಿಲ್ಲ. ಸಕಾಲದಲ್ಲಿ ಅರ್ಜಿ ಸಲ್ಲಿಸದ ಮಗುವಿನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲವಷ್ಟೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿವೇಚಿಸಲು ಎರಡು ಕಾರಣಗಳಿವೆ. ಒಂದು, ಇವು ಬೇಸಾಯವನ್ನೇ ನೆಚ್ಚಿದ ಸೀಮೆ. ಇಲ್ಲಿ ಮನೆಯ ವಾರವು ಹೊಲದ ಕೆಲಸವನ್ನು ಅನುಸರಿಸಿ ನಡೆಯುತ್ತದೆಯೇ ಹೊರತು ಶಾಲೆಯ ವೇಳಾಪಟ್ಟಿಯನ್ನಲ್ಲ. ಎರಡು, ಹಾಸನ ಜಿಲ್ಲೆಯು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಕೆಲವೇ ವರ್ಷಗಳ ಅವಧಿಯಲ್ಲಿ ಕಂಡ ಏರಿಕೆಯು ರಾಜ್ಯದ ಗಮನವನ್ನು ಸೆಳೆದಿತು.

ಮೊದಲು ಹಿಂದಿನ ಕ್ರಮವನ್ನು ಸ್ವಲ್ಪ ನೋಡುವುದು ಒಳಿತು. ಊರಿಗೆ ತಿಳಿಸಬೇಕಾದ ಮಾತನ್ನು ತಮಟೆ ಬಡಿದು ಡಂಗುರ ಸಾರುತ್ತಿದ್ದ ಕಾಲದಲ್ಲಿ ಶಾಲೆಯ ಮಾತು ಮಗುವಿನ ಬಾಯಿಂದಲೇ ಮನೆಗೆ ಹೋಗಬೇಕಾಗಿತ್ತು. ಬಳಿಕ ಪ್ರಗತಿಪತ್ರ ಬಂದಿತು. ವರ್ಷಕ್ಕೆ ಮೂರೋ ನಾಲ್ಕೋ ಬಾರಿ ಅದು ಮನೆಗೆ ಹೋಗಿ, ತಂದೆಯ ರುಜುವನ್ನೋ ಹೆಬ್ಬೆಟ್ಟಿನ ಗುರುತನ್ನೋ ಹೊತ್ತು ಹಿಂದಿರುಗುತ್ತಿತ್ತು. ಕಡಮೆ ಅಂಕ ಪಡೆದ ಹುಡುಗರಲ್ಲಿ ಕೆಲವರು ತಂದೆಯ ರುಜುವನ್ನು ತಾವೇ ಬರೆಯುವಷ್ಟು ಪ್ರವೀಣರಾಗಿರುತ್ತಿದ್ದರೆಂಬುದು ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ಗುಟ್ಟು. ಮಠಗಳ ಉಚಿತ ಪ್ರಸಾದನಿಲಯಗಳಲ್ಲಿದ್ದ ದೂರದೂರಿನ ಮಕ್ಕಳ ಮನೆಗಳಿಗೆ ಅಂಚೆಯ ಕಾರ್ಡೇ ಆಧಾರ. ಸೈಕ್ಲೋಸ್ಟೈಲ್ ಯಂತ್ರ ಬಂದ ಮೇಲೆ ಒಂದೇ ಸೂಚನೆಯ ನೂರಾರು ಪ್ರತಿಗಳನ್ನು ತೆಗೆಯುವುದು ಸುಲಭವಾಯಿತು. ಆದರೆ ಪ್ರತಿ ಹೆಚ್ಚಿದಷ್ಟೂ ಓದುಗರು ಹೆಚ್ಚುತ್ತಾರೆಂಬ ನಿಯಮವೇನಿಲ್ಲ.

ಹೊಸದಾಗಿ ಅಕ್ಷರ ಕಲಿತವರಿಗೆ ಹೇಗೆ ಬರೆಯಬೇಕೆಂಬುದನ್ನು ಈ ನಾಡಿನಲ್ಲಿ ಯಾರೂ ಯೋಚಿಸಿಯೇ ಇರಲಿಲ್ಲವೆಂದು ಭಾವಿಸತಕ್ಕದ್ದಲ್ಲ. 1940ರ ದಶಕದಲ್ಲಿ ಮೈಸೂರಿನಲ್ಲಿ ಆರಂಭವಾದ ವಯಸ್ಕರ ಶಿಕ್ಷಣದ ಚಳವಳಿಯು ಇಂಥ ಓದುಗರಿಗಾಗಿಯೇ ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರಡಿಸಿತು. ಅದರ ಹಿಂದಿದ್ದ ತಿಳಿವಳಿಕೆ ಇಷ್ಟೇ: ಅಕ್ಷರ ಕಲಿತವನಿಗೆ ಮರುವಾರವೂ ಓದಲು ಏನಾದರೂ ದೊರೆಯದಿದ್ದರೆ ಕಲಿತದ್ದು ಮರೆತುಹೋಗುತ್ತದೆ, ದೊರೆತದ್ದು ಅವನ ಬಾಳಿಗೆ ಸಂಬಂಧಿಸಿರದಿದ್ದರೆ ಅವನು ಅದನ್ನು ಓದುವುದಿಲ್ಲ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಸಾಕ್ಷರತೆಯ ಪ್ರಮಾಣ ಶೇಕಡ 76ರಷ್ಟು. ಮಹಿಳೆಯರಲ್ಲಿ ಅದಕ್ಕಿಂತ ಕಡಮೆ. ಹತ್ತನೆಯ ತರಗತಿಯ ಮಗುವಿನ ಊಟ, ಬಟ್ಟೆ, ಹಾಜರಿಗಳನ್ನು ದಿನವೂ ನೋಡಿಕೊಳ್ಳುವವಳು ಬಹುಪಾಲು ಮನೆಗಳಲ್ಲಿ ತಾಯಿ. ಶಾಲೆಯ ಪತ್ರವಾದರೋ ತಂದೆಯ ಹೆಸರಿಗೆ, ಕಚೇರಿಯ ಭಾಷೆಯಲ್ಲಿ ಹೋಗುತ್ತದೆ.

ಜಿಲ್ಲೆಯ ಅನುಭವ

ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಹಾಸನ ಜಿಲ್ಲೆಯು 2017ರಲ್ಲಿ ರಾಜ್ಯದ ಶೈಕ್ಷಣಿಕ ಜಿಲ್ಲೆಗಳ ಪೈಕಿ 31ನೆಯ ಸ್ಥಾನದಲ್ಲಿತ್ತು. 2018ರಲ್ಲಿ 7ನೆಯ ಸ್ಥಾನಕ್ಕೆ ಏರಿತು. 2019ರಲ್ಲಿ ಶೇಕಡ 89.33 ಫಲಿತಾಂಶದೊಡನೆ ಮೊದಲನೆಯ ಸ್ಥಾನವನ್ನೇ ಪಡೆಯಿತು. ಆ ವರ್ಷ ರಾಜ್ಯದ ಒಟ್ಟು ಫಲಿತಾಂಶ ಶೇಕಡ 73.70. ಕೀರ್ತಿಯು ಯಾರಿಗೆ ಸಲ್ಲತಕ್ಕದ್ದೆಂಬ ಬಗೆಗೆ ಆಗ ಪತ್ರಿಕೆಗಳಲ್ಲಿ ಬಿರುಸಿನ ಚರ್ಚೆಯೇ ನಡೆಯಿತು. ಆ ಚರ್ಚೆಯನ್ನು ಇಲ್ಲಿ ಮುಂದುವರಿಸುವ ಅಗತ್ಯವಿಲ್ಲ. ವಿಶೇಷ ತರಗತಿಗಳು, ಹಿಂದುಳಿದ ಮಕ್ಕಳ ಗುರುತಿಸುವಿಕೆ, ಮತ್ತೆ ಮತ್ತೆ ನಡೆದ ಪಾಲಕರ ಸಭೆಗಳು—ಇವುಗಳ ಮಾತಂತೂ ಎಲ್ಲ ಪಕ್ಷದವರ ಬಾಯಲ್ಲೂ ಬಂದಿತು. 2023ರಲ್ಲಿಯೂ ಜಿಲ್ಲೆಯು ಚಿತ್ರದುರ್ಗ, ಮಂಡ್ಯಗಳ ತರುವಾಯ ಮೂರನೆಯ ಸ್ಥಾನದಲ್ಲಿ ನಿಂತಿತು.

ವಿಶೇಷ ತರಗತಿಯೆಂದರೆ ಬೆಳಗಿನ ಜಾವಕ್ಕೋ ಸಂಜೆ ಕತ್ತಲಾಗುವ ಹೊತ್ತಿಗೋ ನಡೆಯುವ ತರಗತಿ. ಕೊಣನೂರಿನ ಕಡೆಯ ಹಳ್ಳಿಯೊಂದರ ಹುಡುಗಿ ಅದಕ್ಕೆ ಬರಬೇಕಾದರೆ ಬಸ್ಸಿನ ಹೊತ್ತು, ಹಿಂದಿರುಗುವಾಗಿನ ಜೊತೆ, ಬೆಳಗಿನ ಊಟ ಎಲ್ಲವನ್ನೂ ಮನೆಯಲ್ಲಿ ಮೊದಲೇ ಹೊಂದಿಸಿಕೊಳ್ಳಬೇಕು. ‘ನಾಳೆಯಿಂದ ವಿಶೇಷ ತರಗತಿ’ ಎಂದು ಹಿಂದಿನ ಸಂಜೆ ಹೇಳಿದರೆ ಆಕೆಯ ತಾಯಿ ಏನು ಮಾಡಬಲ್ಲಳು? ಇದೇ ಮಾತನ್ನು ಒಂದು ವಾರ ಮುಂಚಿತವಾಗಿ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿಯವರೆಗೆ, ಜೊತೆಯಲ್ಲಿ ಯಾವ ಶಿಕ್ಷಕರಿರುತ್ತಾರೆ ಎಂಬ ವಿವರದೊಡನೆ ತಿಳಿಸಿದರೆ ಮನೆಯು ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ಹೆಣ್ಣುಮಕ್ಕಳ ಗೈರುಹಾಜರಿಗೆ ಉದಾಸೀನ ಕಾರಣವೆಂದು ಹಾಜರಿಪುಸ್ತಕವನ್ನು ನೋಡಿ ನಿರ್ಣಯಿಸುವುದಕ್ಕೆ ಮೊದಲು, ಮನೆಗೆ ಸುದ್ದಿ ಎಂದು ಮುಟ್ಟಿತೆಂಬುದನ್ನು ವಿಚಾರಿಸುವುದು ನ್ಯಾಯ.

ವಾರದ ಪತ್ರಕ್ಕೆ ಶನಿವಾರವೇ ಸೂಕ್ತ ದಿನ. ಅಂದು ಬೆಳಗಿನ ಶಾಲೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಮನೆ ಸೇರಿರುತ್ತಾರೆ. ಭಾನುವಾರ ತಂದೆತಾಯಿಯರಿಗೆ ಅದನ್ನು ಕೇಳಿಸಿಕೊಳ್ಳಲು ವ್ಯವಧಾನವಿರುತ್ತದೆ. ಸೋಮವಾರ ಕಚೇರಿಗಳು ತೆರೆಯುತ್ತವೆ.

ಇನ್ನು ಪತ್ರದಲ್ಲಿ ಏನಿರಬೇಕೆಂಬುದನ್ನು ಋತುಮಾನವೇ ಹೇಳಿಕೊಡುತ್ತದೆ. ಶಾಲೆ ತೆರೆಯುವ ಕಾಲಕ್ಕೆ ಹಾಸನದ ಸುತ್ತಿನ ದುದ್ದ, ಶಾಂತಿಗ್ರಾಮ, ಸಾಲಗಾಮೆ ಹೋಬಳಿಗಳಲ್ಲಿ ಮುಂಗಾರು ಹಿಡಿದು ಆಲೂಗೆಡ್ಡೆಯ ಬಿತ್ತನೆ ನಡೆದಿರುತ್ತದೆ. ಬಿತ್ತನೆಗೆಡ್ಡೆಗೆ ಹಣ ಸುರಿದ ತಿಂಗಳಲ್ಲಿ ಮನೆಯಲ್ಲಿ ಪುಸ್ತಕದ ಹಣಕ್ಕೂ ತತ್ವಾರ. ಅಂಗಮಾರಿ ರೋಗ ಬಡಿದ ವರ್ಷಗಳಲ್ಲಂತೂ ಕೇಳುವುದೇ ಬೇಡ. ಜೂನ್ ತಿಂಗಳ ಪತ್ರವು ಯಾವುದನ್ನು ಈಗಲೇ ಕೊಳ್ಳಬೇಕು, ಯಾವುದು ಗೆಡ್ಡೆ ಕಿತ್ತ ಮೇಲಾದರೂ ಆದೀತು ಎಂಬುದನ್ನು ಬಿಡಿಸಿ ಹೇಳಿದರೆ ಅದರಿಂದ ಶಾಲೆಗೆ ಯಾವ ನಷ್ಟವೂ ಇಲ್ಲ. ಬಸ್ಸಿನ ಪಾಸಿನ ಸೂಚನೆ ಬರುವುದೂ ಆಗಲೇ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಗಂಡುಮಕ್ಕಳು ಪಾಸು ಮಾಡಿಸಿಕೊಳ್ಳಲೇಬೇಕು. ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಹೇಳದಿದ್ದರೆ ಎರಡು ಬಗೆಯ ಮನೆಗಳಲ್ಲೂ ಗೊಂದಲ.

ಜುಲೈ, ಆಗಸ್ಟ್ ತಿಂಗಳುಗಳು ಅರಕಲಗೂಡು ತಾಲ್ಲೂಕಿನ ಶಾಲೆಗಳಿಗೆ ಕಠಿನ ಕಾಲ. ಮಲ್ಲಿಪಟ್ಟಣದ ಕಡೆ ಮಳೆ. ಜಡಿಮಳೆಯ ರಜೆಯ ಆದೇಶವು ರಾತ್ರಿಯ ಹೊತ್ತಿನಲ್ಲಿ ಹೊರಟರೆ ಫೋನಿಲ್ಲದ ಮನೆಯ ಮಗು ಬೆಳಗ್ಗೆ ನೆನೆದುಕೊಂಡೇ ಶಾಲೆಯ ಬಾಗಿಲಿಗೆ ಬರುತ್ತದೆ. ರಾಮನಾಥಪುರ, ಕೊಣನೂರು, ದೊಡ್ಡಮಗ್ಗೆಗಳ ಕಡೆ ಹೊಗೆಸೊಪ್ಪಿನ ಕೆಲಸ. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ಹಗಲಿರುಳು ಬೆಂಕಿ ಕಾಯುವ ಆ ವಾರಗಳಲ್ಲಿ ಮನೆಯ ಪ್ರತಿಯೊಂದು ಕೈಯೂ ಬೇಕು. ಆಗ ಹಾಜರಿಪುಸ್ತಕದಲ್ಲಿ ಖಾಲಿ ಮನೆಗಳು ಹೆಚ್ಚುತ್ತವೆ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಲು ಶೇಕಡ 75 ಹಾಜರಿ ಬೇಕೆಂಬ ನಿಯಮವನ್ನು ಫೆಬ್ರವರಿಯಲ್ಲಿ ತಿಳಿಸಿ ಫಲವಿಲ್ಲ. ಜುಲೈನ ಪತ್ರದಲ್ಲಿ, ಇದುವರೆಗೆ ಎಷ್ಟು ದಿನ ತಪ್ಪಿದೆಯೆಂಬ ಲೆಕ್ಕದೊಡನೆ ತಿಳಿಸಬೇಕು. ಹಸಿಯಾದ, ಒದ್ದೆಯಾದ ಸೊಪ್ಪನ್ನು ಬಹಳ ಹೊತ್ತು ಮುಟ್ಟಿದರೆ ಅದರ ನಂಜು ಚರ್ಮದ ಮೂಲಕ ಮೈಗೆ ಏರಿ ತಲೆಸುತ್ತು, ವಾಂತಿಗಳು ಬರುತ್ತವೆಂಬ ಎಚ್ಚರಿಕೆಯನ್ನೂ ಅದೇ ಪತ್ರದಲ್ಲಿ ಸೇರಿಸಬಹುದು. ಬೆಳೆಗಾರನನ್ನು ಜರೆಯುವ ಧಾಟಿಯಲ್ಲಿ ಬರೆದರೆ ಮಾತ್ರ ಪತ್ರವು ಬ್ಯಾರನ್ನಿನ ಒಲೆಯನ್ನೇ ಸೇರೀತು.

ಹೊಳೆನರಸೀಪುರದ ಹೇಮಾವತಿ ಬಯಲಿನಲ್ಲಿ ನಾಟಿಯ ಕಾಲ, ಚನ್ನರಾಯಪಟ್ಟಣದ ಬೆದ್ದಲು ಸೀಮೆಯಲ್ಲಿ ರಾಗಿ ಕೊಯ್ಲಿನ ಕಾಲ ಇವೂ ಹೀಗೆಯೇ. ದೀಪಾವಳಿಯ ಸುಮಾರಿಗೆ ಹಾಸನಾಂಬೆಯ ಬಾಗಿಲು ತೆರೆದ ದಿನಗಳು, ರಾಮನಾಥಪುರದ ಷಷ್ಠಿಯ ಜಾತ್ರೆ, ಹೊಳೆನರಸೀಪುರದ ತೇರು ಇವನ್ನು ಮುಂದಾಗಿ ನೋಡಿಕೊಂಡೇ ಕಿರುಪರೀಕ್ಷೆಯ ದಿನವನ್ನು ಗೊತ್ತುಮಾಡುವ ಮುಖ್ಯೋಪಾಧ್ಯಾಯರು ಜಾಣರು.

ಒಂದು ಸೂಚನೆಯ ಬೆಲೆ

ಸೂಚನೆ ತಪ್ಪಿದರೆ ಆಗುವ ನಷ್ಟವನ್ನು ಒಂದು ಉದಾಹರಣೆಯಿಂದ ಲೆಕ್ಕ ಹಾಕಬಹುದು. ಸರ್ಕಾರಿ, ಸ್ಥಳೀಯ ಸಂಸ್ಥೆಯ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯ ತರಗತಿಯಲ್ಲಿ ಓದುವ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆಯೊಂದಿದೆ, ಎನ್.ಎಂ.ಎಂ.ಎಸ್. ಎಂದು ಶಾಲೆಗಳಲ್ಲಿ ಅದನ್ನು ಕರೆಯುವುದು ವಾಡಿಕೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಏಳನೆಯ ತರಗತಿಯಲ್ಲಿ ಶೇಕಡ 55 ಅಂಕಗಳಿರಬೇಕು. ಪರಿಶಿಷ್ಟ ವರ್ಗಗಳಿಗೆ ಇದರಲ್ಲಿ ರಿಯಾಯಿತಿಯುಂಟು. ಆಯ್ಕೆಯಾದ ಮಗುವಿಗೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ನಾಲ್ಕು ವರ್ಷಕ್ಕೆ 48,000. ಕೂಲಿಯ ಮನೆಯೊಂದರಲ್ಲಿ ಮಗಳನ್ನು ಪದವಿಪೂರ್ವ ಕಾಲೇಜಿಗೆ ಕಳುಹಿಸುವುದೋ ಬಿಡುವುದೋ ಎಂಬ ಮಾತು ಈ ಹಣದ ಮೇಲೆಯೇ ನಿಂತಿರುವುದುಂಟು.

ಇದಕ್ಕೆ ಬೇಕಾದ ಕಾಗದಗಳ ಸರಣಿಯನ್ನು ನೋಡಿ. ಆದಾಯದ ಪ್ರಮಾಣಪತ್ರ ನಾಡಕಚೇರಿಯಿಂದ ಬರಬೇಕು. ಅರ್ಜಿ ಕೊಟ್ಟ ದಿನವೇ ಅದು ಕೈಗೆ ಬರುವುದಿಲ್ಲ. ಬ್ಯಾಂಕಿನ ಖಾತೆ ಮಗುವಿನ ಹೆಸರಿನಲ್ಲಿರಬೇಕು, ಆಧಾರ್‌ಗೆ ಜೋಡಣೆಯಾಗಿರಬೇಕು. ಆಧಾರ್‌ನಲ್ಲಿರುವ ಹೆಸರಿಗೂ ಶಾಲೆಯ ದಾಖಲೆಯಲ್ಲಿರುವ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿದ್ದರೂ ತೊಡಕು. ಮೂರು ಕಚೇರಿ, ಮೂರು ಸರದಿ. ಪ್ರತಿಯೊಂದಕ್ಕೂ ಒಂದು ದಿನದ ಕೂಲಿ ನಷ್ಟ. ಕಡೆಯ ದಿನಾಂಕಕ್ಕೆ ಮೂರು ದಿನ ಮುಂಚೆ ಮನೆ ಸೇರಿದ ಸೂಚನೆಯು ಸೂಚನೆಯೇ ಅಲ್ಲ. ಆಯ್ಕೆಯಾದ ಮೇಲೆಯೂ ಕೆಲಸ ಮುಗಿಯಿತೆಂದಲ್ಲ. ಪ್ರತಿವರ್ಷವೂ ಅರ್ಜಿಯನ್ನು ನವೀಕರಿಸಬೇಕು. ಹತ್ತನೆಯ ತರಗತಿಯಲ್ಲಿ ಶೇಕಡ 60 ಅಂಕ ಪಡೆಯದಿದ್ದರೆ ಮುಂದಿನ ಎರಡು ವರ್ಷದ ಹಣ ನಿಲ್ಲುತ್ತದೆ. ಪರಿಶಿಷ್ಟರಿಗೆ ಇಲ್ಲಿಯೂ ಸ್ವಲ್ಪ ರಿಯಾಯಿತಿ. ಪರೀಕ್ಷೆಯಲ್ಲಿ ಗೆದ್ದ ಮಗುವು ನವೀಕರಣದಲ್ಲಿ ಸೋಲುವುದು ಬಹಳ ನೋವಿನ ಸಂಗತಿ. ಸಂಸ್ಥೆಗೆ ಉದಾರವಾಗಿ ನೆರವು ನೀಡುವ ದಾನಿಗಳು ಇದನ್ನು ಗಮನಿಸಬೇಕು: ಬಡ ಮಕ್ಕಳಿಗೆಂದು ಈಗಾಗಲೇ ಮೀಸಲಾದ ಹಣವು ಒಂದು ಹಾಳೆ ಕಾಗದದ ಅಭಾವದಿಂದ ಬಾರದೆ ಹೋಗುವುದಾದರೆ, ಆ ಹಾಳೆಗೂ ಅದನ್ನು ಬರೆಯುವ ಕೈಗೂ ಒದಗಿಸಿದ ನೆರವು ಚಿಕ್ಕದಲ್ಲ.

ಎಸ್.ಎಸ್.ಎಲ್.ಸಿ. ನೋಂದಣಿಯ ವಿಷಯವೂ ಇಂಥದೇ. ಅಂಕಪಟ್ಟಿಯಲ್ಲಿ ಅಚ್ಚಾಗುವ ಹೆಸರು, ತಂದೆತಾಯಿಯರ ಹೆಸರು, ಜನ್ಮದಿನಾಂಕ ಇವು ಮುಂದೆ ಬಾಳಿನುದ್ದಕ್ಕೂ ದಾಖಲೆಗಳಾಗುತ್ತವೆ. ಒಮ್ಮೆ ಅಚ್ಚಾದ ತಪ್ಪನ್ನು ತಿದ್ದಿಸಲು ಪಡುವ ಪಾಡು ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಗೊತ್ತು. ನೋಂದಣಿಯ ಕರಡನ್ನು ಮನೆಗೆ ಕಳುಹಿಸಿ, ತಾಯಿಯ ಮುಂದೆ ಮಗುವಿನಿಂದ ಗಟ್ಟಿಯಾಗಿ ಓದಿಸಿ, ಗುರುತು ಹಾಕಿಸಿ ತರಿಸುವುದು ಎರಡು ದಿನದ ಕೆಲಸ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಾಗ, ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಹುಡುಗನಿಗೆ ಕೆಲವೇ ವಾರಗಳಲ್ಲಿ ಮತ್ತೊಂದು ಅವಕಾಶವಿದೆಯೆಂಬುದನ್ನು ತಿಳಿಸುವ ಹೊಣೆ ಶಾಲೆಯ ಮೇಲೆ ಬಿದ್ದಿತು. ಫಲಿತಾಂಶದ ದಿನ ಅವನು ಶಾಲೆಯ ಕಡೆಗೆ ಮುಖ ಹಾಕುವುದಿಲ್ಲ. ಆ ಸುದ್ದಿಯನ್ನು ಅವನ ಮನೆಗೇ ಒಯ್ಯಬೇಕು.

ಬರೆಯುವ ಬಗೆ

2020ರಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಶಾಲೆ-ಮನೆಗಳ ನಡುವಿನ ದಾರಿಯೆಲ್ಲವೂ ಮೊಬೈಲ್ ಫೋನಿನ ಮೇಲೆ ನಿಂತಿತು. ಆ ವರ್ಷ ಮಾರ್ಚಿಯಲ್ಲಿ ನಡೆಯಬೇಕಾಗಿದ್ದ ಪರೀಕ್ಷೆಯು ಜೂನ್ 25ರಂದು ಆರಂಭವಾಯಿತು. 2021ರಲ್ಲಿ ಜುಲೈ 19 ಮತ್ತು 22, ಹೀಗೆ ಎರಡೇ ದಿನಗಳಲ್ಲಿ ಮುಗಿಯಿತು. ದಿನಾಂಕ ಬದಲಾಯಿತು, ಪ್ರಶ್ನೆಪತ್ರಿಕೆಯ ರೀತಿ ಬದಲಾಯಿತು. ಇವನ್ನೆಲ್ಲ ಮನೆಮನೆಗೂ ಮುಟ್ಟಿಸುವ ಕಾರ್ಯದಲ್ಲಿ ವಾಟ್ಸಾಪ್ ಗುಂಪುಗಳು ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಕಾರ್ಯಕ್ರಮದ ಅಡಿಯಲ್ಲಿ ಶಿಕ್ಷಕರು ಊರೂರಿಗೆ ಹೋಗಿ, ದೇವಸ್ಥಾನದ ಜಗುಲಿಯ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡಾಗ ಬೇರೊಂದು ಸತ್ಯವೂ ಗೋಚರಿಸಿತು. ಒಳ್ಳೆಯ ಫೋನು ಮನೆಗೆ ಒಂದೇ. ಅದು ತಂದೆಯ ಜೇಬಿನಲ್ಲಿ ಹೊಲಕ್ಕೋ ಪೇಟೆಗೋ ಹೋಗಿರುತ್ತದೆ. ಗುಂಪಿನಲ್ಲಿ ಬಂದ ಸೂಚನೆಯ ಮೇಲೆ ಹಬ್ಬದ ಶುಭಾಶಯಗಳೂ ಹೂವಿನ ಚಿತ್ರಗಳೂ ಬಿದ್ದು, ಬೇಕಾದ ಮಾತು ಕೆಳಗೆ ಹೂತುಹೋಗುತ್ತದೆ. ಆದ್ದರಿಂದ ಫೋನು ಬಂದಿತೆಂದು ಕಾಗದವನ್ನು ಬಿಡುವುದು ತರವಲ್ಲ.

ಭಾಷೆಯ ವಿಚಾರವಾಗಿ ಒಂದು ಮಾದರಿಯನ್ನು ಪರಿಶೀಲಿಸಬಹುದು. ಸೂಚನಾಫಲಕಗಳಲ್ಲಿ ಸಾಮಾನ್ಯವಾಗಿ ಕಾಣುವ ರೀತಿ ಇದು: ‘ಮೇಲಾಧಿಕಾರಿಗಳ ಆದೇಶದನ್ವಯ ಅರ್ಹ ವಿದ್ಯಾರ್ಥಿಗಳು ಅಗತ್ಯ ದಾಖಲಾತಿಗಳನ್ನು ನಿಗದಿತ ಅವಧಿಯೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಶಾಲೆಯು ಜವಾಬ್ದಾರಿಯಾಗಿರುವುದಿಲ್ಲ.’ ಇದರಲ್ಲಿ ಅರ್ಹರು ಯಾರೆಂದಿಲ್ಲ, ದಾಖಲಾತಿ ಯಾವುದೆಂದಿಲ್ಲ, ಅವಧಿ ಎಂದಿಗೆ ಮುಗಿಯುತ್ತದೆಂದಿಲ್ಲ. ಸ್ಪಷ್ಟವಾಗಿರುವುದು ಕಡೆಯ ವಾಕ್ಯವೊಂದೇ. ಇದೇ ವಿಷಯವನ್ನು ಹೀಗೆ ಬರೆಯಲು ಅಡ್ಡಿಯೇನು?

‘ಎಂಟನೆಯ ತರಗತಿಯ ಮಕ್ಕಳ ತಾಯಿತಂದೆಯರಿಗೆ. ನಿಮ್ಮ ಮನೆಯ ಒಂದು ವರ್ಷದ ಆದಾಯ ಮೂರೂವರೆ ಲಕ್ಷ ರೂಪಾಯಿಯೊಳಗೆ ಇದ್ದರೆ ನಿಮ್ಮ ಮಗು ಒಂದು ಪರೀಕ್ಷೆ ಬರೆಯಬಹುದು. ಆಯ್ಕೆಯಾದರೆ ಮುಂದಿನ ವರ್ಷದಿಂದ ವರ್ಷಕ್ಕೆ 12,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಇದಕ್ಕೆ ಆದಾಯದ ಪ್ರಮಾಣಪತ್ರ ಬೇಕು, ನಾಡಕಚೇರಿಯಲ್ಲಿ ಕೊಡುತ್ತಾರೆ. ಈ ಸೋಮವಾರವೇ ಅರ್ಜಿ ಹಾಕಿ. ಅರ್ಜಿ ಹಾಕಿದ ಚೀಟಿಯನ್ನು ಮಗುವಿನ ಕೈಯಲ್ಲಿ ಕಳುಹಿಸಿ. ತಿಳಿಯದಿದ್ದರೆ ಯಾವ ದಿನವಾದರೂ ಸಂಜೆ ನಾಲ್ಕು ಗಂಟೆಗೆ ಶಾಲೆಗೆ ಬನ್ನಿ.’

ಸಾಲುಗಳು ಹೆಚ್ಚಾದುವೆಂದು ಆಕ್ಷೇಪಿಸಬಹುದು. ಆದರೆ ಮಗುವು ಇದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದರೆ ಒಳಗಿರುವವಳಿಗೆ ಅರ್ಥವಾಗುತ್ತದೆ. ಓದಿ ಹೇಳಲೆಂದು ಬರೆಯುವುದೇ ಬೇರೆ, ಕಡತಕ್ಕೆಂದು ಬರೆಯುವುದೇ ಬೇರೆ. ಇದೇ ಜಿಲ್ಲೆಯ ಆಲೂರು, ಸಕಲೇಶಪುರಗಳ ಕಾಫಿ ಸೀಮೆಯಲ್ಲಿ ಕಾಡಾನೆಗಳ ಸುಳಿವನ್ನು ಜನಕ್ಕೆ ತಿಳಿಸಲು ಅರಣ್ಯ ಇಲಾಖೆಯು ಮೊಬೈಲ್ ಸಂದೇಶ, ಧ್ವನಿಕರೆ, ರಸ್ತೆಯ ಬದಿಯ ದೀಪದ ಫಲಕಗಳನ್ನು ಬಳಸುತ್ತಿದೆ. ಆನೆ ಎಲ್ಲಿದೆಯೆಂಬುದೇ ಅದರ ಸಾರ. ಓದಲು ಬಾರದವನಿಗೂ ಧ್ವನಿಯಲ್ಲಿ ಕೇಳಿಸುತ್ತದೆ. ಜೀವದ ಪ್ರಶ್ನೆ ಬಂದಾಗ ಇಲಾಖೆಗಳಿಗೂ ಸರಳವಾಗಿ ಮಾತಾಡಲು ಬರುತ್ತದೆಂಬುದಕ್ಕೆ ಇದು ನಿದರ್ಶನ.

ಪತ್ರವನ್ನು ಎಲ್ಲಿ ತೂಗುಹಾಕಬೇಕೆಂಬುದೂ ಯೋಚಿಸತಕ್ಕ ಮಾತು. ಶಾಲೆಯ ಫಲಕವನ್ನು ನೋಡುವವರು ಶಾಲೆಗೆ ಬರುವವರು ಮಾತ್ರ. ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ, ನುಗ್ಗೇಹಳ್ಳಿ, ಬಾಗೂರು ಹೋಬಳಿಗಳ ಹಳ್ಳಿಗಳಲ್ಲಿ ಬೆಳಗೂ ಬೈಗೂ ಜನ ತಪ್ಪದೆ ಕೂಡುವ ಜಾಗವೆಂದರೆ ಹಾಲಿನ ಡೇರಿ. ಕ್ಯಾನು ಹಿಡಿದು ಸರದಿಯಲ್ಲಿ ನಿಂತವರಲ್ಲಿ ಹೆಂಗಸರೂ ಬಹಳ. ಸಂಘದ ಕಾರ್ಯದರ್ಶಿಯು ಹಾಲಿನ ದರದ ಚೀಟಿಯ ಪಕ್ಕದಲ್ಲಿ ಶಾಲೆಯ ಪತ್ರಕ್ಕೂ ಒಂದು ಮೊಳೆ ಬಿಟ್ಟುಕೊಟ್ಟರೆ ಸಾಕು. ಸರದಿಯಲ್ಲಿ ನಿಂತ ಯಾರಾದರೊಬ್ಬರು ಅದನ್ನು ಓದಿ ಹೇಳುತ್ತಾರೆ; ಮಾತು ಕೇರಿಗೆ ಹಬ್ಬುತ್ತದೆ.

ಇಂಥ ಬಯಲಿನ ಪತ್ರದಲ್ಲಿ ಬರೆಯಬಾರದ ಸಂಗತಿಗಳೂ ಇವೆ. ಯಾರ ಶುಲ್ಕ ಬಾಕಿ, ಯಾರಿಗೆ ಗಣಿತದಲ್ಲಿ ಎಷ್ಟು ಅಂಕ, ಯಾರ ಮನೆಗೆ ಶಿಕ್ಷಕರು ಏತಕ್ಕೆ ಹೋದರು ಎಂಬುದು ಊರಿನ ಕಣ್ಣಿಗೆ ಬೀಳತಕ್ಕದ್ದಲ್ಲ. ಅದಕ್ಕೆ ಮುಚ್ಚಿದ ಲಕೋಟೆಯಿದೆ, ಮುಖಾಮುಖಿ ಮಾತಿದೆ. ಕೆಲವು ಶಾಲೆಗಳಲ್ಲಿ ಅಂಕಗಳ ಪಟ್ಟಿಯನ್ನು ಪಾಲಕರ ಫೋನಿನ ಗುಂಪಿಗೇ ಹಾಕುವ ಅಭ್ಯಾಸ ಬೆಳೆದಿದೆ. ಹಿಂದೆ ಪ್ರಗತಿಪತ್ರಕ್ಕೆ ಕಳ್ಳರುಜು ಮಾಡುತ್ತಿದ್ದ ಹುಡುಗನು ತನ್ನ ತಂದೆಯ ಕೋಪಕ್ಕೆ ಮಾತ್ರ ಅಂಜುತ್ತಿದ್ದನು. ಇಂದಿನ ಹುಡುಗನು ಕೇರಿಯ ನಗೆಗೂ ಅಂಜಬೇಕಾಗಿದೆ.

ಹಾಳೆಯ ಕೆಳತುದಿಯಲ್ಲಿ ಕತ್ತರಿಸಿ ಹಿಂದಿರುಗಿಸುವ ಸಣ್ಣ ಚೀಟಿಯೊಂದಿರುವುದು ಅವಶ್ಯ. ‘ಪತ್ರವನ್ನು ಓದಿಸಿ ಕೇಳಿದೆ’ ಎಂಬ ಸಾಲು, ಅದರ ಕೆಳಗೆ ರುಜುವಿಗೋ ಹೆಬ್ಬೆಟ್ಟಿಗೋ ಜಾಗ, ಹಿಂಬದಿಯಲ್ಲಿ ಮನೆಯವರು ಏನಾದರೂ ಹೇಳುವುದಿದ್ದರೆ ಮಗುವೇ ಬರೆದುಕೊಳ್ಳಲು ನಾಲ್ಕು ಗೆರೆ. ಸೋಮವಾರ ಬೆಳಗ್ಗೆ ತರಗತಿಯ ಶಿಕ್ಷಕರು ಚೀಟಿಗಳನ್ನು ಎಣಿಸಿದರೆ ಯಾವ ಮನೆಗೆ ಸುದ್ದಿ ಮುಟ್ಟಲಿಲ್ಲವೆಂಬುದು ಗೊತ್ತಾಗುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಐದಾರು ಚೀಟಿಗಳು ಬಾರದೆ ಉಳಿಯಬಹುದು. ವಾರವಾರವೂ ಅವೇ ಐದಾರು ಮನೆಗಳಾಗಿದ್ದರೆ, ಶಿಕ್ಷಕರು ಆ ವಾರ ಯಾವ ಊರಿನ ಬಸ್ಸನ್ನು ಹತ್ತಬೇಕೆಂಬುದನ್ನು ಚೀಟಿಗಳೇ ಹೇಳಿರುತ್ತವೆ.